ಡ್ಯಾವೆನ್‌ಪೋರ್ಟಿನಿಂದ, ಫೆಬ್ರವರಿ 1942

ಮಗಳೇ,

ನಿನ್ನ ಕಾಗದ ಬಂತು. ಮಗುವಿಗೆ ಹಲ್ಲು ಬಂದಿದ್ದು, ಮನೆ ಬದಲಾಯಿಸಿದ್ದು ಎಲ್ಲ ಓದಿ ಖುಷಿಯಾಯಿತು. ಆದರೆ ಕೊನೆಯಲ್ಲಿ 'ಹೊರಗೆ ಹೋದರೆ ಬಾಯಿ ಬಿಡಬೇಡ ಅಂತ ಅಮ್ಮನಿಗೆ ಹೇಳಿದ್ದೇನೆ' ಅಂತ ಬರೆದಿದ್ದೀಯಲ್ಲ, ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅವಳ ಇಂಗ್ಲಿಷಿನಲ್ಲೂ ನಮ್ಮ ಜರ್ಮನ್ ರಾಗವೇ ಕೇಳಿಸುತ್ತದೆ, ಈಗ ಮತ್ತೆ ಜರ್ಮನಿಯ ಜೊತೆ ಯುದ್ಧ, ನಿನ್ನ ಭಯ ಗೊತ್ತು. ಇದೇ ಮಾತನ್ನು 1918ರಲ್ಲಿ ನಾನು ನಿನ್ನ ಅಜ್ಜಿಗೆ ಹೇಳಿದ್ದೆ. ಆ ಮೇ ತಿಂಗಳಲ್ಲಿ ನಮ್ಮ ಅಯೋವಾದ ಗವರ್ನರ್ ಹಾರ್ಡಿಂಗ್ ಆಜ್ಞೆ ಹೊರಡಿಸಿದ್ದ: ಶಾಲೆ, ಚರ್ಚು, ರೈಲು, ಟೆಲಿಫೋನು, ಎಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೂಡದು. ಲೆ ಕ್ಲೇರ್ ಕಡೆ ನಾಲ್ವರು ಹೆಂಗಸರು ಫೋನಿನಲ್ಲಿ ಜರ್ಮನ್ ಮಾತಾಡಿದ್ದಕ್ಕೆ ರೆಡ್‌ಕ್ರಾಸಿಗೆ 225 ಡಾಲರ್ ತೆರಬೇಕಾಯಿತು. ಅದಕ್ಕೂ ಮುಂಚೆ ಏಪ್ರಿಲ್‌ನಲ್ಲಿ ಇಲಿನಾಯ್ಸಿನ ಕಾಲಿನ್ಸ್‌ವಿಲ್‌ನಲ್ಲಿ ರಾಬರ್ಟ್ ಪ್ರಾಗರ್ ಅನ್ನುವ ಜರ್ಮನ್ ವಲಸಿಗನನ್ನು ಜನ ಮರಕ್ಕೆ ನೇಣು ಹಾಕಿದ್ದರು. ಕೇಸು ನಡೆದು ಎಲ್ಲರೂ ಖುಲಾಸೆಯಾದರು. ಹೆದರದೆ ಇರುವುದು ಹೇಗೆ, ಹೇಳು?

ನಮ್ಮಮ್ಮನಿಗೆ, ನಿನ್ನ ಅಜ್ಜಿಗೆ, ಇಂಗ್ಲಿಷೇ ಬರುತ್ತಿರಲಿಲ್ಲ. ಅಂಗಡಿಯಲ್ಲಿ ಬೆರಳು ತೋರಿಸಿ ಸಾಮಾನು ತರುತ್ತಿದ್ದಳು. ಒಂದು ದಿನ ಉಪ್ಪು ಹಾಕಿ ಹುಳಿ ಬರಿಸಿ ಸೌವರ್‌ಕ್ರೌಟ್ ಮಾಡಲು ಎಲೆಕೋಸು ಹೆಚ್ಚುತ್ತಿದ್ದಳು. (ಜರ್ಮನ್ ಹೆಸರು ಬೇಡ ಅಂತ ಆಗ ಅದಕ್ಕೂ 'ಲಿಬರ್ಟಿ ಕ್ಯಾಬೇಜ್' ಅಂತ ಹೆಸರಿಟ್ಟಿದ್ದರು, ಹುಳಿಯೇನೂ ಬದಲಾಗಲಿಲ್ಲ.) ಚಾಕು ಜಾರಿ ಬೆರಳು ಕುಯ್ದುಕೊಂಡಿತು. ಅಯ್ಯೋ ಅನ್ನಲಿಲ್ಲ ಅವಳು. ಬೆರಳನ್ನು ಏಪ್ರನ್ನಿನಲ್ಲಿ ಒತ್ತಿ ಹಿಡಿದು ಮೊದಲು ಕಿಟಕಿ ಕಡೆ ನೋಡಿದಳು. ಕಿಟಕಿ ತೆರೆದಿತ್ತು.

ಯುದ್ಧ ಮುಗಿಯಿತು, ಆಜ್ಞೆಯೂ ಹೋಯಿತು. 'ಇನ್ನು ಮಾತಾಡಮ್ಮ' ಅಂತ ನಾನು ಹೇಳಲಿಲ್ಲ. ಮರೆತೆನೋ, ನನಗೇ ಆ ಮೌನ ಅನುಕೂಲವಾಗಿತ್ತೋ. ಅವಳೂ ಕೇಳಲಿಲ್ಲ. ನಿಮ್ಮಮ್ಮ ಇದನ್ನೆಲ್ಲ ಕಣ್ಣಾರೆ ಕಂಡವಳು, ಈಗ ನೀನು ಹಾಗಂದಾಗ ಅವಳು ಏನೂ ಎದುರು ಹೇಳಿರಲಿಕ್ಕಿಲ್ಲ, ಅಲ್ಲವೇ?

ಬುದ್ಧಿ ಹೇಳುವ ಮುಖ ನನಗಿಲ್ಲ. ಆದರೂ, ಶತ್ರುದೇಶದ ಪ್ರಜೆಗಳು ಇಟ್ಟುಕೊಳ್ಳಬಾರದು ಅಂದಿರುವ ಶಾರ್ಟ್‌ವೇವ್ ರೇಡಿಯೋ, ಕ್ಯಾಮೆರಾ ಇದ್ದರೆ ಪೊಲೀಸರಿಗೆ ಕೊಟ್ಟು ರಸೀದಿ ಕೇಳಿ ತೆಗೆದುಕೊ. ಅಂಥ ಪ್ರಜೆಗಳ ಪಟ್ಟಿಗೆ ಪೋಸ್ಟಾಫೀಸಿನಲ್ಲಿ ನಿಮ್ಮಮ್ಮನ ಹೆಸರು ಬರೆಸುವ ಕೆಲಸ ಈ ತಿಂಗಳೇ ಮುಗಿಸು, ಫೋಟೋ ಮರೆಯಬೇಡ. ಒಬ್ಬಳನ್ನೇ ಕಳಿಸಬೇಡ, ನಿನಗೆ ಕೆಲಸಕ್ಕೆ ರಜೆ ಸಿಗುವುದು ಕಷ್ಟ ಅಂತ ಗೊತ್ತು, ಆದರೂ.

ಸಾಲಿನಲ್ಲಿ ನಿಂತಾಗ ಚಳಿಯಾಗುತ್ತಾ ಅಂತ ಅವಳನ್ನು ನಮ್ಮ ಮಾತಿನಲ್ಲೇ ಕೇಳು. ಅಷ್ಟು ಧೈರ್ಯ ಬರದಿದ್ದರೆ ಬೇಡ. ಮನೆಗೆ ಬಂದು ಕಿಟಕಿ ಹಾಕಿಕೊಂಡಾದರೂ ಕೇಳು.

ನಿನ್ನ
ದೊಡ್ಡಮ್ಮ