ಹೈಡ್ರೋಜನ್ ಬಸ್ಸಿನ ಸೆಲ್‌ಗೆ ಎಷ್ಟು ಗಂಟೆ ಆಯಸ್ಸು?

ಮಾನ್ಯ ಸಂಪಾದಕರೇ,

ಹೈಡ್ರೋಜನ್ ಬಸ್ಸಿನ ಸುದ್ದಿ ಬಂದಾಗಲೆಲ್ಲ ನಾನು ಅದರಲ್ಲಿ ಒಂದು ಅಂಕಿ ಹುಡುಕುತ್ತೇನೆ. ಎಷ್ಟು ಕೋಟಿ ಅನ್ನುವುದು ಇರುತ್ತದೆ. ಒಂದು ಸಲ ತುಂಬಿಸಿದರೆ ಎಷ್ಟು ಕಿಲೋಮೀಟರ್ ಓಡುತ್ತದೆ ಅನ್ನುವುದೂ ಇರುತ್ತದೆ. ಹೊಗೆ ಬರಲ್ಲ, ಬರೀ ನೀರು ಬರುತ್ತೆ ಅನ್ನುವ ಮಾತಂತೂ ತಪ್ಪುವುದೇ ಇಲ್ಲ. ಆದರೆ ಬಸ್ಸಿನೊಳಗಿನ ಫ್ಯುಯೆಲ್ ಸೆಲ್, ಅಂದರೆ ಹೈಡ್ರೋಜನ್ ಮತ್ತು ಗಾಳಿಯ ಆಮ್ಲಜನಕ ಸೇರಿಸಿ ಕರೆಂಟ್ ಹುಟ್ಟಿಸುವ ಸಾಧನ, ಎಷ್ಟು ಗಂಟೆ ಬಾಳುತ್ತದೆ ಅನ್ನುವುದು ಸಿಗುವುದಿಲ್ಲ. ಬಸ್ ಕೊಳ್ಳುವವರು ಮೊದಲು ಕೇಳಬೇಕಾದದ್ದು ಅದನ್ನೇ.

ನಾನು ಪಾಲಿಟೆಕ್ನಿಕ್ ಒಂದರಲ್ಲಿ ಮೆಕ್ಯಾನಿಕಲ್ ವಿಭಾಗದ ಮೇಷ್ಟ್ರು. ಕೆಲವು ವರ್ಷಗಳ ಹಿಂದೆ ನಮ್ಮ ಲ್ಯಾಬಿಗೆ ಒಂದು ಕಿಲೋವ್ಯಾಟ್‌ನ ಚಿಕ್ಕ ಫ್ಯುಯೆಲ್ ಸೆಲ್ ಬಂತು. ಅದಕ್ಕೆ ಸ್ಟ್ಯಾಕ್ ಅಂತೀವಿ. ತೆಳ್ಳನೆಯ ಸೆಲ್‌ಗಳನ್ನು ಬ್ರೆಡ್ ತುಂಡುಗಳ ಹಾಗೆ ಒತ್ತೊತ್ತಾಗಿ ಜೋಡಿಸಿ, ಎರಡೂ ಕಡೆ ಪ್ಲೇಟ್ ಇಟ್ಟು ಬೋಲ್ಟ್ ಬಿಗಿದಿರುತ್ತಾರೆ. ಮೊದಲ ದಿನ ಬಲ್ಬುಗಳ ಸಾಲು ಝಗ್ ಅಂತ ಹೊತ್ತಿಕೊಂಡಾಗ ಹುಡುಗರ ಖುಷಿ ನೋಡಬೇಕಿತ್ತು. ಕೊಳವೆಯ ತುದಿಯಲ್ಲಿ ತೊಟ್ಟಿಕ್ಕುವ ನೀರನ್ನು ಬೆರಳಿನಲ್ಲಿ ಮುಟ್ಟಿ ಮುಟ್ಟಿ ನೋಡಿದ್ದರು.

ಎರಡನೇ ವರ್ಷದ ಹೊತ್ತಿಗೆ ಅದರಿಂದ ಅರ್ಧ ಬಲ್ಬುಗಳೂ ಹೊತ್ತುತ್ತಿರಲಿಲ್ಲ. ಒಂದೊಂದೇ ಸೆಲ್‌ಗೆ ಮಲ್ಟಿಮೀಟರ್ ಹಿಡಿದೆವು. ಹೆಚ್ಚಿನವು 0.6 ವೋಲ್ಟ್ ಆಸುಪಾಸು ತೋರಿಸಿದವು. ಎರಡು ಮಾತ್ರ 0.2ಕ್ಕೆ ಇಳಿದಿದ್ದವು. ಎಲ್ಲ ಸೆಲ್‌ಗಳೂ ಸಾಲಾಗಿ ಕೂಡಿಕೊಂಡಿರುವುದರಿಂದ ಎರಡು ಸೋತರೆ ಇಡೀ ಸಾಲೇ ಸೋತ ಹಾಗೆ. ಬಿಚ್ಚಿ ನೋಡಿದೆವು. ಮಧ್ಯದ ಹಾಳೆಯನ್ನು ಚೌಕಟ್ಟಿಗೆ ಬಿಗಿದು, ಒಂದು ಬದಿಗೆ ನೀರು ಸವರಿ, ಇನ್ನೊಂದು ಬದಿಯಿಂದ ನೈಟ್ರೋಜನ್ ಬಿಟ್ಟೆವು. ಪಂಕ್ಚರ್ ಅಂಗಡಿಯ ತೊಟ್ಟಿಯಲ್ಲಿ ಟ್ಯೂಬ್ ಅದ್ದಿದಾಗ ಬರುತ್ತಲ್ಲ, ಹಾಗೇ ಸಣ್ಣ ಗುಳ್ಳೆಗಳ ಎಳೆ ಎದ್ದಿತು. ಅದೂ ಹೈಡ್ರೋಜನ್ ಒಳಬರುವ ಮೂಲೆಯಲ್ಲೇ. ಕಪ್ಪು ಲೇಪವನ್ನು ಹೆಬ್ಬೆರಳಿನಿಂದ ಒರೆಸಿದರೆ ಕಾಡಿಗೆಯ ಹಾಗೆ ಕೈಗೆ ಬಂತು. ಆ ಲೇಪದಲ್ಲಿ ಇರುವುದು ಪ್ಲಾಟಿನಂ.

ತಪ್ಪು ನಮ್ಮ ಕಡೆಯೇ ಇತ್ತು. ಅದನ್ನು ಜನರೇಟರ್ ಶೆಡ್ಡಿನ ಪಕ್ಕ ಇಟ್ಟಿದ್ದೆವು. ಗಾಳಿ ಎಳೆಯುವ ಬಾಯಿಗೆ ಬರೀ ಸ್ಪಂಜಿನ ಫಿಲ್ಟರ್. ಪಾಠ ಮುಗಿದ ಮೇಲೆ ಹೈಡ್ರೋಜನ್ ವಾಲ್ವ್ ಮುಚ್ಚಿ ಹೊರಟುಬಿಡುತ್ತಿದ್ದೆವು. ಏಪ್ರಿಲ್, ಮೇ ರಜೆಯಲ್ಲಿ ಅದು ಒಣಗಿಕೊಂಡು ಬಿದ್ದಿರುತ್ತಿತ್ತು. ಡೀಸೆಲ್ ಎಂಜಿನ್ ಇದನ್ನೆಲ್ಲ ಸಹಿಸುತ್ತದೆ. ಫ್ಯುಯೆಲ್ ಸೆಲ್ ಸಹಿಸುವುದಿಲ್ಲ. ಯಾಕೆ ಅಂತ ಆಮೇಲೆ ಕೂತು ಓದಿ ತಿಳಿದುಕೊಂಡೆ.

ಈ ಸೆಲ್‌ನ ಜೀವ ಇರುವುದು ತಲೆಗೂದಲಿಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಹಾಳೆಯಲ್ಲಿ. ಹೈಡ್ರೋಜನ್ ಒಂದು ಬದಿಗೆ, ಗಾಳಿ ಇನ್ನೊಂದು ಬದಿಗೆ ಇರುವಂತೆ ಬೇರೆ ಮಾಡುವ ಈ ಹಾಳೆಗೆ ಮೆಂಬ್ರೇನ್ ಅಂತಾರೆ. ಅದು ಒದ್ದೆಯಾಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಒದ್ದೆಯಾದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮಳೆಗಾಲದಲ್ಲಿ ಬಿಗಿಯಾಗಿ, ಬೇಸಿಗೆಯಲ್ಲಿ ಸಡಿಲವಾಗುವ ಮರದ ಬಾಗಿಲನ್ನು ನೆನೆಸಿಕೊಳ್ಳಿ. ಸಾವಿರಾರು ಸಲ ಹಾಗಾದರೆ ಹಾಳೆ ಬಿರುಕು ಬಿಡುತ್ತದೆ. ಜೊತೆಗೆ ಒಳಗೆ ಒಂದಿಷ್ಟು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಕೊಳ್ಳುತ್ತದೆ. ಎಲ್ಲಿಂದಲೋ ಕಬ್ಬಿಣದ ಅಂಶ ಸೇರಿದರಂತೂ ಅದು ಹಾಳೆಯನ್ನು ತಿನ್ನಲು ಶುರು ಮಾಡುತ್ತದೆ. ಇದಕ್ಕೆ ಕಂಡುಕೊಂಡ ಮದ್ದು ಸೀರಿಯಂ ಅನ್ನುವ ಲೋಹ. ಹಾಳೆಯಲ್ಲಿ ಸ್ವಲ್ಪವೇ ಸೀರಿಯಂ ಸೇರಿಸಿದರೂ ಈ ಸವೆತ ಬಹಳ ಕಡಿಮೆಯಾಗುತ್ತದೆ.

ಪ್ಲಾಟಿನಂ ಕತೆ ಬೇರೆ. ಅದು ಇಂಗಾಲದ ಪುಡಿಯ ಮೇಲೆ ಕೆಲವೇ ನ್ಯಾನೋಮೀಟರ್ ಗಾತ್ರದ ಕಣಗಳಾಗಿ ಕೂತಿರುತ್ತದೆ. ಬಸ್ ನಿಂತಾಗ ಸೆಲ್ಲಿನ ವೋಲ್ಟೇಜ್ ಏರುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಇಳಿಯುತ್ತದೆ. ಈ ಏರಿಳಿತದಲ್ಲಿ ಸಣ್ಣ ಕಣಗಳು ಕರಗಿ ದೊಡ್ಡ ಕಣಗಳಿಗೆ ಅಂಟಿಕೊಳ್ಳುತ್ತವೆ. ಬೆಲ್ಲದ ಪುಡಿ ಮಳೆಗಾಲದಲ್ಲಿ ಗಂಟು ಕಟ್ಟುತ್ತದಲ್ಲ, ತೂಕ ಅಷ್ಟೇ ಇದ್ದರೂ ಹೊರಮೈ ಕಡಿಮೆಯಾಗುತ್ತದೆ. ಕರೆಂಟ್ ಹುಟ್ಟಿಸುವ ಕೆಲಸ ನಡೆಯುವುದು ಆ ಹೊರಮೈ ಮೇಲೆ.

ಎಲ್ಲಕ್ಕಿಂತ ಜಾಸ್ತಿ ಹಾನಿ ಮಾಡುವುದು ಸ್ಟಾರ್ಟ್ ಮತ್ತು ಸ್ಟಾಪ್. ನಾವು ಮಾಡಿದ್ದೂ ಅದೇ ತಪ್ಪು. ಸುಮ್ನೆ ವಾಲ್ವ್ ಮುಚ್ಚಿ ಹೋದರೆ ಹೈಡ್ರೋಜನ್ ಇರಬೇಕಾದ ಕಡೆಗೆ ನಿಧಾನವಾಗಿ ಗಾಳಿ ನುಗ್ಗುತ್ತದೆ. ಮತ್ತೆ ಶುರು ಮಾಡಿದಾಗ ಒಂದೇ ಸೆಲ್ಲಿನ ಅರ್ಧ ಭಾಗದಲ್ಲಿ ಹೈಡ್ರೋಜನ್, ಇನ್ನರ್ಧದಲ್ಲಿ ಗಾಳಿ. ಆ ಕ್ಷಣ ಎದುರು ಬದಿಯ ವೋಲ್ಟೇಜ್ 1.4, 1.5ರ ತನಕ ಜಿಗಿಯುತ್ತದೆ. ಇಂಗಾಲ ಆ ವೋಲ್ಟೇಜ್ ತಡೆಯಲಾರದೆ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ. ಪ್ಲಾಟಿನಂ ಕಣಗಳ ಕಾಲಡಿಯ ನೆಲವೇ ಕುಸಿದ ಹಾಗೆ. ನಿಲ್ಲಿಸುವ ಮುಂಚೆ ಒಂದು ಸಣ್ಣ ಲೋಡ್ ಕೊಟ್ಟು, ಒಳಗೆ ಉಳಿದ ಆಮ್ಲಜನಕವನ್ನು ಮುಗಿಸಿ, ಆಮೇಲೆ ಮುಚ್ಚಬೇಕು. ಐದು ನಿಮಿಷದ ಕೆಲಸ. ಅದನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬಾಳಿಕೆಯ ಚಿಂತೆ ಹೊಸದಲ್ಲ. 1965ರಲ್ಲಿ ಅಮೆರಿಕದ ಜೆಮಿನಿ 5 ನೌಕೆಯಲ್ಲಿ ಇದೇ ಬಗೆಯ ಸೆಲ್ ಹಾರಿತ್ತು. ಅಂದಿನ ಹಾಳೆ ಬೇಗ ಹಾಳಾಗುವಂಥದ್ದು. ಎಂಟು ದಿನದ ಪ್ರಯಾಣಕ್ಕೆ ಅದು ಸಾಕಾಯಿತು. ಆಮೇಲೆ ಡ್ಯುಪಾಂಟ್ ಕಂಪನಿಯ ನಾಫಿಯಾನ್ ಅನ್ನುವ ಹೊಸ ಹಾಳೆ ಬಂದ ಮೇಲೆಯೇ ಸಾವಿರಾರು ಗಂಟೆಯ ಮಾತು ಆಡಲು ಆಯಿತು. ನಮ್ಮ ಇಸ್ರೋ ಕೂಡ 2024ರ ಜನವರಿಯಲ್ಲಿ ಪಿಎಸ್‌ಎಲ್‌ವಿ ಸಿ58ರ ಕೊನೆಯ ಹಂತದಲ್ಲಿ 100 ವ್ಯಾಟ್ ದರ್ಜೆಯ ಫ್ಯುಯೆಲ್ ಸೆಲ್ ಇಟ್ಟು ಕಕ್ಷೆಯಲ್ಲೇ ಪರೀಕ್ಷೆ ಮಾಡಿತು. ಹೆಮ್ಮೆಯ ವಿಷಯ. ಬಸ್ಸಿನ ಲೆಕ್ಕ ಮಾತ್ರ ಬೇರೆ.

ದಿನಕ್ಕೆ 16 ಗಂಟೆ, ವರ್ಷಕ್ಕೆ 300 ದಿನ ಓಡುವ ಬಸ್ ಇಟ್ಟುಕೊಳ್ಳಿ. ವರ್ಷಕ್ಕೆ 4,800 ಗಂಟೆ ಆಯಿತು. ಅಮೆರಿಕದ ಇಂಧನ ಇಲಾಖೆ ಕಾರುಗಳಿಗೆ ಮೊದಲು ಇಟ್ಟುಕೊಂಡಿದ್ದ ಗುರಿ 5,000 ಗಂಟೆ, ಕೊನೆಯ ಗುರಿ 8,000 ಗಂಟೆ. ಮನೆಯ ಕಾರಿಗೆ ಅದು ಧಾರಾಳ. ನಮ್ಮ ಬಸ್ಸಿಗೆ 5,000 ಗಂಟೆ ಅಂದರೆ ಒಂದೇ ವರ್ಷದ ಮಾತು! ಅದಕ್ಕೇ ಅಲ್ಲಿ ದೊಡ್ಡ ಲಾರಿಗಳಿಗೆ 25,000 ಗಂಟೆ, ಮುಂದೆ 30,000 ಗಂಟೆ ಅಂತ ಬೇರೆಯೇ ಗುರಿ ಇಟ್ಟರು. 2020ರಲ್ಲಿ ಲಾಸ್ ಅಲಾಮೋಸ್ ಮತ್ತು ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಗಳ ಮುಂದಾಳತ್ವದಲ್ಲಿ ಇದಕ್ಕೆಂದೇ ಒಂದು ಸಂಶೋಧನಾ ಕೂಟ ಕಟ್ಟಿದರು.

ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಕ್ಯಾಲಿಫೋರ್ನಿಯಾದ ಓಕ್ಲಂಡ್‌ನಲ್ಲಿ ಎಸಿ ಟ್ರಾನ್ಸಿಟ್ ಸಂಸ್ಥೆಯ ಬಸ್ಸುಗಳಲ್ಲಿ ಕೆಲವು ಸೆಲ್‌ಗಳು 25,000 ಗಂಟೆ ದಾಟಿ ಓಡಿವೆ. ಇದು ನಮಗೆ ಗೊತ್ತಾಗಿದ್ದು ಹೇಗೆ? ಅಲ್ಲಿನ ರಾಷ್ಟ್ರೀಯ ಪ್ರಯೋಗಾಲಯವೊಂದು ಆ ಬಸ್ಸುಗಳು ಎಷ್ಟು ಗಂಟೆ ಓಡಿದವು, ಎಷ್ಟು ಸಲ ಕೆಟ್ಟು ನಿಂತವು ಅಂತ ವರದಿ ಬರೆದು ಎಲ್ಲರ ಮುಂದೆ ಇಟ್ಟಿತು. ನಮಗೂ ಬೇಕಾಗಿರುವುದು ಅದೇ.

ಆದರೆ ಓಕ್ಲಂಡ್ ಸಮುದ್ರದ ಪಕ್ಕದ ತಂಪು ಊರು. ಅಲ್ಲಿನ ಅಂಕಿಯನ್ನು ಕಲಬುರಗಿಗೆ ತಂದು ಅಂಟಿಸಲು ಆಗುವುದಿಲ್ಲ. ಡೀಸೆಲ್ ಎಂಜಿನ್‌ನ ಬಿಸಿಯಲ್ಲಿ ದೊಡ್ಡ ಪಾಲು ಹೊಗೆ ಕೊಳವೆಯಲ್ಲೇ ಹೊರಟುಹೋಗುತ್ತದೆ. ಫ್ಯುಯೆಲ್ ಸೆಲ್ ಓಡುವುದು 60ರಿಂದ 80 ಡಿಗ್ರಿಯಲ್ಲಿ. ಅದರ ಬಿಸಿಯನ್ನೆಲ್ಲ ಹೆಚ್ಚುಕಮ್ಮಿ ರೇಡಿಯೇಟರೇ ಹೊರಹಾಕಬೇಕು. ಹೊರಗೆ 42 ಡಿಗ್ರಿ ಇದ್ದಾಗ ರೇಡಿಯೇಟರ್ ಏದುಸಿರು ಬಿಡುತ್ತದೆ, ಹಾಳೆ ಒಣಗುತ್ತದೆ. ಇನ್ನು ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಿಂತು, ಹತ್ತು ಅಡಿ ಚಲಿಸಿ, ಮತ್ತೆ ನಿಲ್ಲುವ ಬಸ್ಸಿನಲ್ಲಿ ವೋಲ್ಟೇಜ್ ಏರಿಳಿತ ಎಷ್ಟಿರಬಹುದು ಯೋಚಿಸಿ. ಇದಕ್ಕೂ ಪರಿಹಾರ ಇದೆ. ಜೊತೆಗೆ ಒಳ್ಳೆಯ ಗಾತ್ರದ ಬ್ಯಾಟರಿ ಇಟ್ಟು, ಜಗ್ಗಾಟವನ್ನೆಲ್ಲ ಅದಕ್ಕೆ ಬಿಟ್ಟು, ಸೆಲ್ ಒಂದೇ ಹದದಲ್ಲಿ ಓಡುವ ಹಾಗೆ ಮಾಡಬೇಕು. ಇದಕ್ಕೆ ಸ್ವಲ್ಪ ದುಡ್ಡು ಜಾಸ್ತಿ ಬೀಳುತ್ತದೆ. ಬರೀ ಕಡಿಮೆ ಬೆಲೆ ನೋಡುವ ಟೆಂಡರಿನಲ್ಲಿ ಮೊದಲು ಕತ್ತರಿ ಬೀಳುವುದು ಇಂಥದ್ದಕ್ಕೇ.

ಹೈಡ್ರೋಜನ್‌ನ ಶುದ್ಧತೆಯೂ ಅಷ್ಟೇ ಮುಖ್ಯ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ವಾಹನದ ಹೈಡ್ರೋಜನ್‌ನಲ್ಲಿ ನೂರು ಕೋಟಿ ಪಾಲಿಗೆ ಕಾರ್ಬನ್ ಮೊನಾಕ್ಸೈಡ್ 200 ಪಾಲು, ಗಂಧಕ ಬರೀ 4 ಪಾಲು ಮೀರುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಂದು ಕಿಲೋ ಕೃಷಿ ತ್ಯಾಜ್ಯದಿಂದ 100 ಗ್ರಾಂ ಹೈಡ್ರೋಜನ್ ತೆಗೆಯುವ ವಿಧಾನ ಕಂಡುಹಿಡಿದಿದ್ದಾರೆ. ನಮ್ಮ ರೈತರಿಗೆ ಬಹಳ ಒಳ್ಳೆಯದಾಗಬಲ್ಲ ಕೆಲಸ ಅದು. ಆ ಅನಿಲ ಸೆಲ್‌ಗೆ ಹೋಗುವ ಮುಂಚೆ ಈ ಮಟ್ಟಕ್ಕೆ ಶುದ್ಧವಾಗಬೇಕು. ಪ್ರತಿ ಪಂಪಿನಲ್ಲೂ ಅದನ್ನು ಅಳೆಯುವ ವ್ಯವಸ್ಥೆ ಇರಬೇಕು.

2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ಹಸಿರು ಹೈಡ್ರೋಜನ್ ಮಿಷನ್‌ನ ಗಾತ್ರ 19,744 ಕೋಟಿ ರೂಪಾಯಿ. ಅದರಲ್ಲಿ ಸಂಶೋಧನೆಗೆ ಇಟ್ಟಿದ್ದು 400 ಕೋಟಿ. ನೂರಕ್ಕೆ ಎರಡು ರೂಪಾಯಿ. ಬಾಳಿಕೆಯ ಕೆಲಸಕ್ಕೆ ಈ ಎರಡು ರೂಪಾಯಿಯಲ್ಲೇ ಪಾಲು ಸಿಗಬೇಕು. ಇದು ಸಾಲದು. 2025ರ ಮಾರ್ಚ್‌ನಲ್ಲಿ 37 ಹೈಡ್ರೋಜನ್ ಬಸ್ ಮತ್ತು ಲಾರಿಗಳನ್ನು ಹತ್ತು ಮಾರ್ಗಗಳಲ್ಲಿ ಓಡಿಸಿ ನೋಡಲು ಕೇಂದ್ರ ಒಪ್ಪಿಗೆ ಕೊಟ್ಟಿತು. ಅವುಗಳಲ್ಲಿ 15 ಫ್ಯುಯೆಲ್ ಸೆಲ್‌ನವು. ಹತ್ತರಲ್ಲಿ ಒಂದು ಮಾರ್ಗವೂ ಕರ್ನಾಟಕದ್ದಲ್ಲ. ಮುಂದಿನ ಸುತ್ತಿನಲ್ಲಿ ಕಲಬುರಗಿಯ ಬಿಸಿಲಿಗೊಂದು, ಬೆಂಗಳೂರಿನ ಟ್ರಾಫಿಕ್ಕಿಗೊಂದು ಬಸ್ಸನ್ನಾದರೂ ನಮ್ಮ ಸರ್ಕಾರ ಕೇಳಿ ಪಡೆಯಲಿ.

ಹಾಗೆ ಬಸ್ ಬಂದರೆ ಟೆಂಡರಿನಲ್ಲೇ ಬರೆಯಲಿ: ಸ್ಟ್ಯಾಕ್ ಇಷ್ಟು ಗಂಟೆ ಓಡಬೇಕು, ಅಷ್ಟರಲ್ಲಿ ವೋಲ್ಟೇಜ್ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇಳಿದರೆ ಮಾರಿದವರೇ ಬದಲಿಸಿಕೊಡಬೇಕು. ಪ್ರತಿ ಬಸ್ಸಿನ ಓಡಿದ ಗಂಟೆ, ಸ್ಟಾರ್ಟ್ ಆದ ಸಂಖ್ಯೆ, ಸೆಲ್ ವೋಲ್ಟೇಜ್ ಇವನ್ನು ಮೂರು ತಿಂಗಳಿಗೊಮ್ಮೆ ಯಾರು ಬೇಕಾದರೂ ನೋಡುವ ಹಾಗೆ ಪ್ರಕಟಿಸಬೇಕು. ಇನ್ನೊಂದು ಮಾತು ಡಿಪೋ ಮೆಕ್ಯಾನಿಕ್‌ಗಳ ಬಗ್ಗೆ. ಬಸ್ ಬಂದ ಮೇಲೆ ಅವರನ್ನು ಕರೆದು ಎರಡು ದಿನದ ತರಬೇತಿ ಕೊಟ್ಟು ಕೈ ತೊಳೆದುಕೊಳ್ಳಬಾರದು. ಈಗಲೇ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಸ್ಟ್ಯಾಕ್ ಬಿಚ್ಚುವುದು, ಸೋರಿಕೆ ಹುಡುಕುವುದು, ಸರಿಯಾಗಿ ನಿಲ್ಲಿಸುವುದು ಇವುಗಳನ್ನು ಕೈಯಾರೆ ಕಲಿಸಲಿ. ನಮ್ಮ ಹಾಳಾದ ಸ್ಟ್ಯಾಕನ್ನು ನಾನು ಎಸೆದಿಲ್ಲ. ಪ್ರತಿ ವರ್ಷ ಹೊಸ ಬ್ಯಾಚ್ ಬಂದಾಗ ಅದನ್ನೇ ಮೇಜಿನ ಮೇಲಿಟ್ಟು ಗುಳ್ಳೆ ಬರುವುದನ್ನು ತೋರಿಸುತ್ತೇನೆ.

ಇಂತಿ ನಿಮ್ಮ ಓದುಗ,
ಪಾಲಿಟೆಕ್ನಿಕ್ ಉಪನ್ಯಾಸಕ, ಹುಬ್ಬಳ್ಳಿ