ನಿನ್ನ ಪಕ್ಕದ ಮನೆಯ ಅಜ್ಜಿ ಸುಡುವ ಕಾಗದ

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲೇ ಕೂತಿದೆ. ಅದಕ್ಕೇ ಬರೆಯಲು ಕೂತೆ. ನಿನ್ನ ಹಾಗೆ ದೂರದ ಊರಿನಲ್ಲಿದ್ದು ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡವರು ಇನ್ನೂ ಕೆಲವರು ನನಗೆ ಗೊತ್ತು. ಅವರೂ ಓದಲಿ ಅಂತ, ನೀನು ಒಪ್ಪಿದ ಮೇಲೆ, ಪತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ.

ನೀನು ಹೇಳಿದ್ದು ಇಷ್ಟು. ಸಿಂಗಪುರದಲ್ಲಿ ಈಗ ಚೀನೀ ಪಂಚಾಂಗದ ಏಳನೇ ತಿಂಗಳು. ಸಂಜೆ ಕೆಲಸದಿಂದ ಬರುವಾಗ ನಿನ್ನ ಬ್ಲಾಕಿನ ಕೆಳಗೆ ಡ್ರಮ್ಮಿನಲ್ಲಿ ಕಾಗದದ ನೋಟು ಸುಡುತ್ತಿರುತ್ತಾರೆ. ಪಕ್ಕದ ಮನೆಯ ಅಜ್ಜಿ ಹುಲ್ಲಿನ ಮೇಲೆ ಅನ್ನ, ಕಿತ್ತಳೆ, ಊದುಬತ್ತಿ ಇಟ್ಟು ಕೈ ಮುಗಿಯುತ್ತಾರೆ. ಹತ್ತಿರದಲ್ಲೇ ಪೆಂಡಾಲ್ ಹಾಕಿ ಹಾಡು, ಕುಣಿತ ಇಟ್ಟಿದ್ದರು. ಮೊದಲ ಸಾಲಿನ ಕುರ್ಚಿಗಳು ಖಾಲಿ. ಸತ್ತವರು ಬಂದು ಕೂರಲಿ ಅಂತ. "ಇದು ಬುದ್ಧನ ಧರ್ಮವಾ, ಕನ್‌ಫ್ಯೂಷಿಯಸ್‌ದಾ?" ಅಂತ ಕೇಳಿದೆ. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. "ನಾನು ಅಪ್ಪನ ಕಾರ್ಯ ಮಾಡಿದ್ದು ನಾಟಕ ಆಯ್ತೇನೋ. ನನಗೆ ಅದರಲ್ಲಿ ನಂಬಿಕೆಯೇ ಇಲ್ಲವಲ್ಲ" ಅಂದೆ.

ಆಗ ನನಗೆ ಉತ್ತರ ಹೊಳೆಯಲಿಲ್ಲ. ಈ ಇಬ್ಬರ ಬಗ್ಗೆ ಕೆಲವು ವರ್ಷಗಳಿಂದ ಓದುತ್ತಾ ಬಂದಿದ್ದೇನೆ, ನಿನಗೆ ಗೊತ್ತಲ್ಲ. ನೀನು ಕೇಳಿದ ಎರಡು ಪ್ರಶ್ನೆಗಳೂ ಒಂದೇ ಅಂತ ಈಗ ಅನಿಸುತ್ತಿದೆ.

ಬುದ್ಧನ ಕಥೆ ನಮಗೆ ಶಾಲೆಯಿಂದಲೂ ಗೊತ್ತು. ಕನ್‌ಫ್ಯೂಷಿಯಸ್ ಅಷ್ಟು ಗೊತ್ತಿಲ್ಲ, ಹಾಗಾಗಿ ಅವನಿಂದಲೇ ಶುರು ಮಾಡುತ್ತೇನೆ. ಅವನ ಹೆಸರು ಕೊಂಗ್ ಚಿಯೂ. ಜನ ಕೊಂಗ್ ಫೂಜಿ, ಅಂದರೆ ಕೊಂಗ್ ಗುರುಗಳು ಅಂತ ಕರೆದರು. ಚೀನಾಕ್ಕೆ ಹೋದ ಯುರೋಪಿನ ಪಾದ್ರಿಗಳು ಅದನ್ನೇ ಲ್ಯಾಟಿನ್ನಿಗೆ ಒಗ್ಗಿಸಿ ಕನ್‌ಫ್ಯೂಷಿಯಸ್ ಮಾಡಿದರು. ಹುಟ್ಟಿದ್ದು ಕ್ರಿ.ಪೂ. 551ರಲ್ಲಿ, ಲೂ ಎಂಬ ಸಣ್ಣ ರಾಜ್ಯದಲ್ಲಿ. ಈಗಿನ ಶಾನ್‌ದೊಂಗ್ ಪ್ರಾಂತ್ಯದ ಚುಫು ಊರಿನ ಹತ್ತಿರ. ಮೂರು ವರ್ಷದವನಿದ್ದಾಗ ಅಪ್ಪ ತೀರಿಕೊಂಡ. ಬಡತನದಲ್ಲಿ ತಾಯಿಯೇ ಬೆಳೆಸಿದಳು. ಬುದ್ಧನಿಗೂ ಹೀಗೇ ಆಗಿತ್ತು, ಅಲ್ವಾ? ಲುಂಬಿನಿಯಲ್ಲಿ ಹುಟ್ಟಿ ಏಳು ದಿನಕ್ಕೆ ತಾಯಿ ಮಾಯಾದೇವಿ ಹೋದಳು. ಚಿಕ್ಕಮ್ಮ ಗೌತಮಿ ಎತ್ತಿ ಆಡಿಸಿದಳು. ಒಬ್ಬನಿಗೆ ಅಪ್ಪನ ಮುಖ ಗೊತ್ತಿಲ್ಲ, ಇನ್ನೊಬ್ಬನಿಗೆ ಅಮ್ಮನ ಮುಖ ಗೊತ್ತಿಲ್ಲ. ಈ ಇಬ್ಬರನ್ನು ಓದುವಾಗಲೆಲ್ಲ ಇದು ನನ್ನ ನೆನಪಿಗೆ ಬರುತ್ತದೆ.

ಕನ್‌ಫ್ಯೂಷಿಯಸ್ ಬೆಳೆದ ಕಾಲ ಕೆಟ್ಟದ್ದು. ಚೀನಾ ಆಳುತ್ತಿದ್ದ ಝೌ ರಾಜರ ಕೈ ಸೋತಿತ್ತು. ಸಣ್ಣ ಸಣ್ಣ ರಾಜ್ಯಗಳು ಬಡಿದಾಡುತ್ತಿದ್ದವು. ಊರು ಸರಿಹೋಗಬೇಕಾದರೆ ಮೊದಲು ಮನುಷ್ಯ ಮನುಷ್ಯನ ಜೊತೆ ಹೇಗಿರಬೇಕು ಅನ್ನೋದು ಸರಿಹೋಗಬೇಕು ಅಂತ ಅವನಿಗೆ ಅನಿಸಿತು. ಅವನ ದೊಡ್ಡ ಮಾತು 'ರೆನ್'. ಚೀನೀ ಲಿಪಿಯಲ್ಲಿ ಆ ಅಕ್ಷರ ಬರೆಯುವಾಗ 'ಮನುಷ್ಯ' ಅನ್ನೋ ಗುರುತಿನ ಪಕ್ಕ 'ಎರಡು' ಅಂತ ಬರೆಯುತ್ತಾರೆ. ಮನುಷ್ಯತನ, ಅಕ್ಕರೆ ಅಂತ ನಾವು ಹೇಳಬಹುದು. ಆ ಅಕ್ಕರೆ ಮನಸ್ಸಿನಲ್ಲೇ ಇದ್ದರೆ ಸಾಲದು, ಅದಕ್ಕೊಂದು ನಡೆ ಬೇಕು. ಅದು 'ಲಿ'. ನಮಸ್ಕಾರ ಮಾಡೋದು, ಹಿರಿಯರು ಬಂದಾಗ ಎದ್ದು ನಿಲ್ಲೋದು, ಸತ್ತವರಿಗೆ ಎಡೆ ಇಡೋದು, ಎಲ್ಲವೂ ಲಿ. ಇದೆಲ್ಲ ಶುರುವಾಗುವುದು ಮನೆಯಲ್ಲಿ, ಅಪ್ಪ ಅಮ್ಮನ ಹತ್ತಿರ. ಅದಕ್ಕೆ 'ಶಿಯಾವ್' ಅನ್ನುತ್ತಾರೆ. ಜೀವನವೆಲ್ಲ ಪಾಲಿಸಬಹುದಾದ ಒಂದೇ ಮಾತು ಇದ್ದರೆ ಹೇಳಿ ಅಂತ ಶಿಷ್ಯ ಝಿಗೊಂಗ್ ಕೇಳಿದಾಗ, ನಿನಗೆ ಬೇಡವಾದದ್ದನ್ನು ಬೇರೆಯವರಿಗೆ ಮಾಡಬೇಡ ಅಂದ.

ಅವನ ಮಾತುಗಳನ್ನು ಶಿಷ್ಯರು, ಆ ಶಿಷ್ಯರ ಶಿಷ್ಯರು ಸೇರಿಸಿಟ್ಟ ಪುಸ್ತಕ 'ಲುನ್‌ಯು'. ಅದರಲ್ಲಿ ನಿನಗೆ ಹೇಳಲೇಬೇಕಾದ ಒಂದು ಪ್ರಸಂಗ ಇದೆ. ಆ ಕಾಲದಲ್ಲಿ ಅಪ್ಪ ಅಮ್ಮ ಸತ್ತರೆ ಮೂರು ವರ್ಷ ದುಃಖ ಆಚರಿಸಬೇಕಿತ್ತು. ತ್ಸಾಯ್ ವೊ ಎಂಬ ಶಿಷ್ಯ, ಹಳೇ ಧಾನ್ಯ ಮುಗಿದು ಹೊಸದು ಬರುತ್ತದೆ, ಒಂದು ವರ್ಷ ಸಾಲದೇ ಅಂತ ಕೇಳಿದ. ಗುರು ಶಾಸ್ತ್ರ ಹೇಳಲಿಲ್ಲ. ಒಂದು ವರ್ಷಕ್ಕೇ ಒಳ್ಳೆಯ ಅನ್ನ ಉಂಡು ರೇಷ್ಮೆ ಉಟ್ಟರೆ ನಿನ್ನ ಮನಸ್ಸಿಗೆ ನೆಮ್ಮದಿ ಇರುತ್ತದಾ ಅಂತ ಕೇಳಿದ. ಇರುತ್ತದೆ ಅಂದ ಶಿಷ್ಯ. ಹಾಗಾದರೆ ಹಾಗೇ ಮಾಡು ಅಂದ ಗುರು. ಅವನು ಎದ್ದುಹೋದ ಮೇಲೆ ಉಳಿದವರಿಗೆ ಹೇಳಿದ: ಮಗು ಮೂರು ವರ್ಷದವರೆಗೆ ಅಪ್ಪ ಅಮ್ಮನ ತೋಳಿನಿಂದ ಇಳಿಯುವುದಿಲ್ಲ. ಇವನಿಗೂ ಆ ಮೂರು ವರ್ಷದ ಪ್ರೀತಿ ಸಿಕ್ಕಿರಲಿಲ್ಲವೇ?

ಇಲ್ಲಿ ಸ್ವರ್ಗದ ಮಾತಿಲ್ಲ, ನೋಡು. ಆತ್ಮ ಎಲ್ಲಿಗೆ ಹೋಯಿತು ಅನ್ನೋ ಲೆಕ್ಕ ಇಲ್ಲ. ನಿನ್ನನ್ನು ಎತ್ತಿಕೊಂಡವರು ಹೋದಾಗ ನಿನಗೆ ಊಟ ಸೇರುತ್ತದಾ ಅನ್ನೋದಷ್ಟೇ ಪ್ರಶ್ನೆ. ಇನ್ನೊಬ್ಬ ಶಿಷ್ಯ ಸಾವಿನ ಬಗ್ಗೆ ಕೇಳಿದಾಗ, ಬದುಕೇ ಇನ್ನೂ ಗೊತ್ತಿಲ್ಲ, ಸಾವು ಹೇಗೆ ಗೊತ್ತಾದೀತು ಅಂದವನು ಅವನು. ಲಿನ್ ಫಾಂಗ್ ಎಂಬುವನು ಆಚರಣೆಯ ಬೇರು ಯಾವುದು ಅಂತ ಕೇಳಿದ. ಸಾವಿನ ಮನೆಯಲ್ಲಿ ಎಲ್ಲವೂ ಅಚ್ಚುಕಟ್ಟಾಗಿ ನಡೆಯುವುದಕ್ಕಿಂತ ನಿಜವಾದ ದುಃಖ ಇರುವುದು ಮೇಲು ಅನ್ನೋದು ಅವನ ಉತ್ತರ. ಪ್ರೀತಿಯ ಶಿಷ್ಯ ಯಾನ್ ಹುಯಿ ಸತ್ತಾಗ ಗುರುವೇ ಗಟ್ಟಿಯಾಗಿ ಅತ್ತ. ಇಷ್ಟು ಅಳುತ್ತಿದ್ದೀರಲ್ಲ ಅಂತ ಉಳಿದವರು ಅಂದರೆ, ಇವನಿಗಾಗಿ ಅಳದೆ ಇನ್ಯಾರಿಗೆ ಅಳಲಿ ಅಂದ. ಹಿರಿಯರಿಗೆ ಎಡೆ ಇಡುವಾಗ ಅವರು ಎದುರಿಗೇ ಇದ್ದಾರೆ ಅನ್ನುವ ಹಾಗೆ ಇಡುತ್ತಿದ್ದ.

ಆ ಕೊನೆಯ ಮಾತು ಓದಿದಾಗ ನನಗೆ ನಿನ್ನ ತಿಪಟೂರಿನ ಮನೆ ಕಣ್ಣಿಗೆ ಬಂತು. ನೀನು ಬರುವವರೆಗೆ ಅಪ್ಪನನ್ನು ಫ್ರೀಜರ್ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ಹನ್ನೊಂದನೇ ದಿನ ಎಡೆಯಲ್ಲಿ ನೀನು ಎರಡು ತುಂಡು ಮೈಸೂರು ಪಾಕ್ ಇಟ್ಟೆ. ಸಕ್ಕರೆ ಕಾಯಿಲೆ ಅಂತ ಎರಡು ವರ್ಷದಿಂದ ಅಪ್ಪನಿಗೆ ಅದನ್ನು ಕೊಟ್ಟಿರಲಿಲ್ಲ. ಪುರೋಹಿತರು ಹೇಳಿಕೊಟ್ಟದ್ದಲ್ಲ ಅದು. ನಾಟಕ ಆಡುವವನಿಗೆ ಅದು ಹೊಳೆಯುವುದಿಲ್ಲ ಮಾರಾಯ.

ಬುದ್ಧ ಹೊರಟ ದಾರಿ ಬೇರೆ. ಕನ್‌ಫ್ಯೂಷಿಯಸ್ ಮನೆಯ ಒಳಗಿಂದ ಶುರು ಮಾಡಿದರೆ, ಇವನು 29ನೇ ವಯಸ್ಸಿಗೆ ಮನೆ ಬಿಟ್ಟ. ಹೆಂಡತಿ ಯಶೋಧರೆ, ಕೂಸು ರಾಹುಲ, ಮುದಿ ತಂದೆ ಶುದ್ಧೋದನ, ಎಲ್ಲರನ್ನೂ ಬಿಟ್ಟ. ಮುಪ್ಪು, ಕಾಯಿಲೆ, ಸಾವು ಯಾರನ್ನೂ ಬಿಡುವುದಿಲ್ಲ ಅನ್ನೋದು ಅವನನ್ನು ನಿಲ್ಲಗೊಡಲಿಲ್ಲ. ಆರು ವರ್ಷ ದೇಹ ದಂಡಿಸಿದ. ಅದರಿಂದ ಪ್ರಯೋಜನ ಇಲ್ಲ ಅಂತ ಕಂಡು ಅದನ್ನೂ ಬಿಟ್ಟ. 35ಕ್ಕೆ ಗಯೆಯ ಅರಳಿಮರದ ಕೆಳಗೆ ಅರಿವು ಮೂಡಿತು. ಆಮೇಲೆ ಸಾರನಾಥದಲ್ಲಿ ಐದು ಜನಕ್ಕೆ ಹೇಳಿದ್ದು ಒಬ್ಬ ವೈದ್ಯ ಹೇಳುವ ಹಾಗಿದೆ. ಬದುಕಿನಲ್ಲಿ ನೋವು ಇದೆ. ಹಂಬಲ, ಹಿಡಿದುಕೊಳ್ಳುವ ದಾಹ ಅದಕ್ಕೆ ಕಾರಣ. ಆ ದಾಹ ಆರಿದರೆ ನೋವು ಆರುತ್ತದೆ. ಅದಕ್ಕೆ ದಾರಿ ಇದೆ: ಸರಿಯಾದ ನೋಟ, ಸಂಕಲ್ಪ, ಮಾತು, ನಡತೆ, ಹೊಟ್ಟೆಪಾಡು, ಪ್ರಯತ್ನ, ಎಚ್ಚರ, ಏಕಾಗ್ರತೆ. ಎಂಟರಲ್ಲಿ ಒಂದು ಹೊಟ್ಟೆಪಾಡು ಅನ್ನೋದು ನನಗೆ ತುಂಬಾ ಇಷ್ಟ. ಕೊಲ್ಲುವ ಆಯುಧ ಮಾರಿ ಬಂದು ಕಣ್ಣು ಮುಚ್ಚಿ ಕೂತರೆ ಧ್ಯಾನ ಆಗುವುದಿಲ್ಲ.

ಅವನಿಗೂ ಸತ್ತ ಮೇಲಿನ ಪ್ರಶ್ನೆ ಬಂತು. ಬುದ್ಧನಾದವನು ಸತ್ತ ಮೇಲೆ ಇರುತ್ತಾನಾ ಇಲ್ಲವಾ ಹೇಳದಿದ್ದರೆ ಸಂಘ ಬಿಡುತ್ತೇನೆ ಅಂತ ಮಾಲುಂಕ್ಯಪುತ್ರ ಹಠ ಹಿಡಿದ. ವಿಷದ ಬಾಣ ಚುಚ್ಚಿಕೊಂಡವನು, ಹೊಡೆದವನ ಕುಲ ಯಾವುದು, ಬಿಲ್ಲು ಯಾವ ಮರದ್ದು ಅಂತ ತಿಳಿಯುವವರೆಗೆ ಬಾಣ ಕೀಳಬೇಡಿ ಅಂದರೆ ಏನಾಗುತ್ತದೆ ಅಂತ ಬುದ್ಧ ಕೇಳಿದ. ಕರ್ಮ, ಮರುಹುಟ್ಟು ಅವನು ಒಪ್ಪಿದ್ದ. ಆದರೆ ದೇಹದಿಂದ ದೇಹಕ್ಕೆ ಹೋಗುವ ಬದಲಾಗದ ಆತ್ಮ ಅಂತ ಒಂದಿದೆ ಅನ್ನೋದನ್ನು ಒಪ್ಪಲಿಲ್ಲ. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದ ಹಾಗೆ ಅಂತ ಆಮೇಲೆ ನಾಗಸೇನ ಭಿಕ್ಷು ಮಿಲಿಂದ ರಾಜನಿಗೆ ವಿವರಿಸಿದ.

ಕಿಸಾಗೌತಮಿಯ ಕಥೆ ಮತ್ತೆ ಹೇಳುವುದಿಲ್ಲ. ಸಾವಿಲ್ಲದ ಮನೆಯ ಸಾಸಿವೆ ಅಂದರೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಚಿಕ್ಕಂದಿನಲ್ಲಿ ಕೇಳಿದಾಗ ಗಮನಿಸದ ಒಂದು ವಿಷಯ ಇದೆ. ಬುದ್ಧ ಅವಳಿಗೆ ಅಳಬೇಡ ಅನ್ನಲಿಲ್ಲ. ಮನೆ ಮನೆಗೆ ಕಳಿಸಿದ. ಪ್ರತಿ ಬಾಗಿಲಲ್ಲೂ ಯಾರೋ ಒಬ್ಬರು ತಮ್ಮ ಮನೆಯ ಸಾವಿನ ಸುದ್ದಿ ಅವಳಿಗೆ ಹೇಳಿರಬೇಕು. ಅದನ್ನೆಲ್ಲ ಕೇಳುತ್ತಾ ಕೇಳುತ್ತಾ ಅವಳು ಕೂಸನ್ನು ಕೈಯಿಂದ ಇಳಿಸಿದಳು.

ಮನೆ ಬಿಟ್ಟವನ ಬೆನ್ನಿಗೂ ಮನೆ ಬಂತು. ಕಪಿಲವಸ್ತುವಿಗೆ ಬಂದಾಗ ಮಗ ರಾಹುಲನಿಗೂ ದೀಕ್ಷೆ ಕೊಡಿಸಿದ. ಶುದ್ಧೋದನ ತಡೆಯಲಾರದೆ ಬಂದು ಹೇಳಿದ: ನೀನು ಹೋದಾಗ ನೋವಾಯಿತು, ರಾಹುಲ ಹೋದಾಗ ಇನ್ನೂ ಜಾಸ್ತಿ. ಮಕ್ಕಳ ಮೇಲಿನ ಪ್ರೀತಿ ಚರ್ಮ ಸೀಳಿ, ಮಾಂಸ ಸೀಳಿ, ಮೂಳೆಯ ಒಳಗಿನ ಮಜ್ಜೆಯವರೆಗೆ ಹೋಗುತ್ತದೆ. ಇನ್ನು ಮೇಲೆ ಅಪ್ಪ ಅಮ್ಮ ಒಪ್ಪದೆ ಯಾವ ಮಗುವಿಗೂ ದೀಕ್ಷೆ ಕೊಡಬೇಡಿ. ಬುದ್ಧ ಒಪ್ಪಿದ. ಅದು ಸಂಘದ ನಿಯಮವಾಯಿತು. ಸಂಘದ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿ ಈ ಭಾಗ ಓದಿದಾಗ ನನ್ನ ಕಣ್ಣು ತುಂಬಿತ್ತು.

ಇನ್ನು ನಿನ್ನ ಅಜ್ಜಿಯ ಕಾಗದಕ್ಕೆ ಬರುತ್ತೇನೆ. ಬುದ್ಧನ ಮಾತು ವ್ಯಾಪಾರಿಗಳ, ಭಿಕ್ಷುಗಳ ಜೊತೆ ಮಧ್ಯ ಏಷ್ಯಾ ದಾಟಿ ಕ್ರಿಸ್ತಶಕದ ಶುರುವಿನ ಹೊತ್ತಿಗೆ ಚೀನಾ ಮುಟ್ಟಿತು. ಅಷ್ಟರಲ್ಲಿ ಹಾನ್ ಅರಸರು ಕನ್‌ಫ್ಯೂಷಿಯಸ್‌ನ ಕಲಿಕೆಯನ್ನೇ ರಾಜ್ಯದ ಕಲಿಕೆ ಮಾಡಿದ್ದರು. ಮುಂದೆ ಸರ್ಕಾರಿ ಕೆಲಸದ ಪರೀಕ್ಷೆಗೂ ಅದೇ ಪಠ್ಯ. ಆ ಪರೀಕ್ಷೆ ನಿಂತದ್ದು 1905ರಲ್ಲಿ. ಅರಸರು ಅವನ ಮಾತಿನಲ್ಲಿ ತಮಗೆ ಬೇಕಾದ ವಿಧೇಯತೆಯನ್ನು ಜಾಸ್ತಿ ಎತ್ತಿ ಹಿಡಿದರು. ಹೆಣ್ಣಿನ ಮೇಲೆ ಅದರ ಭಾರ ತುಂಬಾ ಬಿತ್ತು. ಅದನ್ನು ಮುಚ್ಚಿಟ್ಟು ಅವನನ್ನು ಹೊಗಳಲು ನನಗೆ ಮನಸ್ಸಿಲ್ಲ.

ಅಲ್ಲಿನ ಪಂಡಿತರಿಗೆ ಭಿಕ್ಷುಗಳನ್ನು ನೋಡಿ ಸಿಟ್ಟು ಬಂತು. ಮೈ, ಕೂದಲು, ಚರ್ಮ ಎಲ್ಲ ಅಪ್ಪ ಅಮ್ಮ ಕೊಟ್ಟದ್ದು, ಅದಕ್ಕೆ ಕುಂದು ತರಬಾರದು ಅಂತ ಅವರ ಪುಸ್ತಕ ಹೇಳುತ್ತಿತ್ತು. ಇವರು ನೋಡಿದರೆ ತಲೆ ಬೋಳಿಸುತ್ತಾರೆ, ಮನೆ ಬಿಡುತ್ತಾರೆ, ಮದುವೆ ಆಗುವುದಿಲ್ಲ. ಹಿರಿಯರಿಗೆ ಎಡೆ ಇಡುವವರು ಯಾರು? ಜಗಳ ನೂರಾರು ವರ್ಷ ನಡೆಯಿತು. 819ರಲ್ಲಿ ಬುದ್ಧನದು ಅನ್ನುವ ಬೆರಳ ಮೂಳೆಯನ್ನು ಅರಮನೆಗೆ ತಂದಾಗ ಹಾನ್ ಯು ಎಂಬ ಅಧಿಕಾರಿ ಅದನ್ನು ಖಂಡಿಸಿ ಬರೆದ. ತಲೆ ಉಳಿದದ್ದೇ ಹೆಚ್ಚು, ದೂರದ ಊರಿಗೆ ಗಡಿಪಾರಾದ. 845ರಲ್ಲಿ ಗಾಳಿ ತಿರುಗಿತು. ವೂತ್ಸೊಂಗ್ ಚಕ್ರವರ್ತಿ 4,600 ವಿಹಾರ ಮುಚ್ಚಿಸಿ, 2,60,500 ಭಿಕ್ಷು ಭಿಕ್ಷುಣಿಯರನ್ನು ಮತ್ತೆ ಸಂಸಾರಿಗಳನ್ನಾಗಿ ಮಾಡಿದ.

ಆದರೆ ಜನ ತಮ್ಮ ಮನೆಗಳಲ್ಲಿ ಇಬ್ಬರನ್ನೂ ಎಂದೋ ಕೂಡಿಸಿದ್ದರು. ಕೂಡಿಸಿದ್ದು ಒಂದು ಕಥೆ. ಬುದ್ಧನ ಶಿಷ್ಯ ಮೌದ್ಗಲ್ಯಾಯನ, ಚೀನೀಯರ ಬಾಯಲ್ಲಿ ಮೂಲಿಯಾನ್, ಸತ್ತ ತಾಯಿ ಎಲ್ಲಿದ್ದಾಳೆ ಅಂತ ಹುಡುಕಿದ. ಅವಳು ಹಸಿದ ಪ್ರೇತವಾಗಿದ್ದಳು. ಅನ್ನ ಕೊಟ್ಟರೆ ಬಾಯಿಗೆ ಹೋಗುವ ಮೊದಲೇ ಕೆಂಡವಾಗುತ್ತಿತ್ತು. ಅಳುತ್ತಾ ಬುದ್ಧನ ಹತ್ತಿರ ಬಂದ. ನಿನ್ನೊಬ್ಬನಿಂದ ಆಗುವುದಿಲ್ಲ, ಏಳನೇ ತಿಂಗಳ ಹದಿನೈದನೇ ದಿನ, ಮಳೆಗಾಲದ ವಾಸ ಮುಗಿಸಿ ಏಳುವ ಭಿಕ್ಷುಗಳಿಗೆ ಊಟ ಹಾಕು ಅಂದ ಬುದ್ಧ. ತಾಯಿಗೆ ಬಿಡುಗಡೆ ಆಯಿತು. ಮನೆ ಬಿಟ್ಟ ಮಗನೇ ಅಮ್ಮನನ್ನು ಉಳಿಸಿದ ಕಥೆ ಇದು. ಇಂಥ ಮಗನನ್ನು ಅಲ್ಲಿನ ಪಂಡಿತರೂ ಬೇಡ ಅನ್ನಲಾರರು.

ನೀನು ನೋಡಿದ್ದು ಆ ದಿನದ ಆಚರಣೆ. ಅದರಲ್ಲಿ ಚೀನಾದ್ದೇ ಇನ್ನೊಂದು ಹಳೇ ಧರ್ಮವಾದ ದಾವೋ ಪಂಥದ್ದೂ ಇದೆ, ಹಳ್ಳಿಯ ಜನರ ರೂಢಿಯೂ ಇದೆ. ಕಾಗದದ ದುಡ್ಡು ಸುಡು ಅಂತ ಬುದ್ಧನೂ ಹೇಳಲಿಲ್ಲ, ಕನ್‌ಫ್ಯೂಷಿಯಸ್ಸೂ ಹೇಳಲಿಲ್ಲ. ಅಜ್ಜಿಯನ್ನು ಕೇಳಿದರೆ ಇದು ಯಾರದು ಅಂತ ಅವರಿಗೂ ಬೇರ್ಪಡಿಸಿ ಹೇಳಲು ಬರಲಿಕ್ಕಿಲ್ಲ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ನಮ್ಮ ಅಜ್ಜಿಯಂದಿರನ್ನು ಕೇಳಿದರೂ ಹಾಗೇ ತಾನೇ?

ಕನ್‌ಫ್ಯೂಷಿಯಸ್‌ನ ಒಂದು ವಿಷಯ ಬಾಕಿ ಉಳಿಯಿತು. ತಾಯಿ ಸತ್ತಾಗ ಅವಳನ್ನು ಅಪ್ಪನ ಜೊತೆಗೇ ಮಣ್ಣು ಮಾಡಿದ. ಹಿಂದಿನವರು ಸಮಾಧಿಯ ಮೇಲೆ ದಿಬ್ಬ ಕಟ್ಟುತ್ತಿರಲಿಲ್ಲ. ಇವನು ಕಟ್ಟಿದ. ನಾನು ನಾಲ್ಕು ದಿಕ್ಕಿಗೂ ಅಲೆಯುವವನು, ಗುರುತು ಇಲ್ಲದಿದ್ದರೆ ಹೇಗೆ ಅಂದ. ಅವತ್ತೇ ಜೋರು ಮಳೆ ಬಂತು. ಶಿಷ್ಯರು ತಡವಾಗಿ ಬಂದರು. ಯಾಕೆ ತಡ ಅಂದರೆ, ದಿಬ್ಬ ಕುಸಿಯಿತು ಅಂದರು. ಅವನು ಮಾತಾಡಲಿಲ್ಲ. ಮೂರು ಸಲ ಹೇಳಿದ ಮೇಲೆ ಕಣ್ಣೀರು ಹರಿಯಿತು.

ಇಷ್ಟು ದಿನ ಊರು ಸುತ್ತುತ್ತಾ ಅಪ್ಪನಿಗೆ ಸಮಯ ಕೊಡಲಿಲ್ಲ ಅಂತ ನೀನು ಅತ್ತೆಯಲ್ಲ, ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟು ಮೆಟ್ಟಿಲ ಮೇಲೆ ಕೂತಾಗ. ಆಗ ನನಗೆ ಈ ಕಥೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಲ್ಲೇ ಹೇಳುತ್ತಿದ್ದೆ.

ಅಮ್ಮನನ್ನು ಭಾನುವಾರ ನೋಡಿಕೊಂಡು ಬಂದೆ. ಮಂಡಿನೋವು ಸ್ವಲ್ಪ ಕಡಿಮೆ ಇದೆ. ವರ್ಷದ ಕಾರ್ಯಕ್ಕೆ ನೀನು ಬರುತ್ತೀಯಾ ಇಲ್ಲವಾ ಅಂತ ನನ್ನನ್ನು ಎರಡು ಸಲ ಕೇಳಿದರು. ನಿನ್ನನ್ನೇ ಕೇಳಲು ಅವರಿಗೆ ಸಂಕೋಚ, ರಜೆ ಸಿಗುತ್ತೋ ಇಲ್ಲವೋ ಅಂತ. ಟಿಕೆಟ್ ಮಾಡಿಸಿದರೆ ಯಾವ ವಿಮಾನ ಅಂತ ತಿಳಿಸು. ನಾನು ಬೆಂಗಳೂರಿಗೆ ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ. ಮೈಸೂರು ಪಾಕ್ ನಾನೇ ತರುತ್ತೇನೆ, ಅಪ್ಪ ಯಾವ ಅಂಗಡಿಯದು ತಿನ್ನುತ್ತಿದ್ದರು ಅಂತ ನನಗೆ ಗೊತ್ತು.

ಇಂತಿ ನಿನ್ನ ಗೆಳೆಯ