ಬೆಂಕಿ ಮುಚ್ಚಳದ ಮೇಲಿರಬೇಕು

ಮಾನ್ಯ ಸಂಪಾದಕರೇ,

ಬಯಲಿನಲ್ಲಿ ‘ಡಚ್ ಓವನ್’ ಅಡುಗೆ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಚೆನ್ನಾಗಿತ್ತು. ಆದರೆ ಅದರಲ್ಲಿ ಹೇಳಿದಂತೆ ಉರಿಯುವ ಸೌದೆಯ ಮೇಲೆ ಪಾತ್ರೆ ಕೂರಿಸಿ, ಮುಚ್ಚಳಕ್ಕೆ ನಾಲ್ಕು ಕೆಂಡ ಹಾಕಿದರೆ ಬ್ರೆಡ್ಡಿನ ತಳ ಕರಕಲಾಗುತ್ತದೆ, ನೆತ್ತಿ ಹಸಿಯಾಗೇ ಉಳಿಯುತ್ತದೆ. ಲೆಕ್ಕ ತಲೆಕೆಳಗಾಗಿದೆ.

ಡಚ್ ಓವನ್ ಎಂದರೆ ಮೂರು ಕಾಲಿನ, ದಪ್ಪ ಬೀಡಿನ (ಎರಕದ ಕಬ್ಬಿಣದ) ಪಾತ್ರೆ. ಮುಚ್ಚಳದ ಅಂಚು ಎದ್ದಿರುತ್ತದೆ, ಕೆಂಡ ಜಾರದಿರಲೆಂದು. ತಳದಲ್ಲಿ ಹಿಟ್ಟು ಕಬ್ಬಿಣಕ್ಕೇ ತಾಗಿರುವುದರಿಂದ ಕಾವು ನೇರ ಏರುತ್ತದೆ. ಮೇಲೆ ಹಾಗಲ್ಲ, ನಡುವೆ ಗಾಳಿ ಇದೆ, ಮುಚ್ಚಳದ ಕೆಂಡದ ಕಾವಿನಲ್ಲಿ ಬಹುಪಾಲು ಆಕಾಶಕ್ಕೇ ಹೋಗುತ್ತದೆ. ಆದ್ದರಿಂದ ಬ್ರೆಡ್ಡು, ಕೇಕಿನಂತೆ ಬೇಯಿಸುವ ತಿಂಡಿಗೆ ಕೆಂಡ ಮೇಲೆ ಹೆಚ್ಚು, ಕೆಳಗೆ ಕಡಿಮೆ. ಪಾತ್ರೆಯ ಅಗಲ ಎಷ್ಟು ಇಂಚೋ ಅದಕ್ಕೆ ಮೂರು ಕೂಡಿಸಿದಷ್ಟು ಕೆಂಡ ಮುಚ್ಚಳಕ್ಕೆ, ಮೂರು ಕಳೆದಷ್ಟು ತಳಕ್ಕೆ. 12 ಇಂಚಿನದಾದರೆ ಮೇಲೆ 15, ಕೆಳಗೆ 9. ಒಳಗೆ ಸುಮಾರು 175 ಡಿಗ್ರಿ ಸೆಲ್ಸಿಯಸ್ ಬರುತ್ತದೆ. ಮೇಲೊಂದು ಕೆಳಗೊಂದು ಹೆಚ್ಚಿಸಿದರೆ ಇನ್ನೊಂದು 14 ಡಿಗ್ರಿ. ಅನ್ನ, ಸಾರು, ಪಲ್ಯಕ್ಕೆ ಈ ಲೆಕ್ಕ ಬೇಡ. ಅವಕ್ಕೆ ಕೆಳಗಿನ ಕಾವೇ ಮುಖ್ಯ.

ಈ ಎಣಿಕೆ ಅಚ್ಚಿನಲ್ಲಿ ಒತ್ತಿದ, ಒಂದೇ ಅಳತೆಯ ಇದ್ದಿಲು ಉಂಡೆಗಳಿಗೆ ಹೊಂದಿಸಿದ್ದು. ನಮ್ಮ ಚಿತ್ರದುರ್ಗದ ಕಡೆ ಸುಲಭವಾಗಿ ಸಿಗುವುದು ಬಳ್ಳಾರಿ ಜಾಲಿಯ ಇದ್ದಿಲು. ಒಂದು ಹೆಬ್ಬೆರಳಷ್ಟಿದ್ದರೆ ಇನ್ನೊಂದು ಮೊಳಕೈಯಷ್ಟು. ಒಡೆದು ದೊಡ್ಡ ನಿಂಬೆಹಣ್ಣಿನ ಗಾತ್ರ ಮಾಡಿಕೊಂಡು, ಪುಡಿ ಜರಡಿ ಹಿಡಿದು ತೆಗೆಯಬೇಕು. ಇದು ಉಂಡೆಗಿಂತ ಜೋರಾಗಿ ಕಾದು ಬೇಗ ಸೋಲುತ್ತದೆ. ಹಾಗಾಗಿ ಪಕ್ಕದಲ್ಲಿ ಇನ್ನೊಂದು ಕಂತು ಹೊತ್ತಿಸಿಕೊಂಡೇ ಇರಬೇಕು. ಮೈಮೇಲೆ ಬಿಳಿ ಬೂದಿ ಕೂತ ಕೆಂಡವನ್ನಷ್ಟೇ ಬಳಸಿ. ತಳದ ಕೆಂಡವನ್ನು ಬಳೆಯ ಹಾಗೆ ಸುತ್ತ ಜೋಡಿಸಿ, ನಟ್ಟನಡುವೆ ಗುಡ್ಡೆ ಹಾಕಬೇಡಿ. ಕರಕಲು ಶುರುವಾಗುವುದೇ ಅಲ್ಲಿಂದ.

ಗಾಳಿಯ ಮಾತು ಆ ಬರಹದಲ್ಲಿ ಇರಲೇ ಇಲ್ಲ. ಗಾಳಿಯಂತ್ರ ನೆಟ್ಟ ಗುಡ್ಡಗಳ ಊರಿನಲ್ಲಿ ಅದನ್ನು ಬಿಡಲಾದೀತೇ? ಗಾಳಿಗೆ ಎದುರಾದ ಕಡೆಯ ಕೆಂಡ ಬೇಗ ಉರಿದುಹೋಗಿ, ಬ್ರೆಡ್ಡು ಒಂದು ಮಗ್ಗುಲಿಗೆ ಮಾತ್ರ ಕೆಂಪಾಗುತ್ತದೆ. ತಗಡೊಂದನ್ನು ಅಡ್ಡ ನಿಲ್ಲಿಸಿ. ಜೊತೆಗೆ, 15 ನಿಮಿಷಕ್ಕೊಮ್ಮೆ ಪಾತ್ರೆಯನ್ನು ಬಲಕ್ಕೆ ಮೂರನೇ ಒಂದು ಸುತ್ತು, ಮುಚ್ಚಳವನ್ನು ಎಡಕ್ಕೆ ಅಷ್ಟೇ ತಿರುಗಿಸಿ. ಆದರೆ ತೆರೆದು ಇಣುಕಬೇಡಿ. ತೆರೆಯಲೇಬೇಕಾದಾಗ ಬೂದಿ ಗುಡಿಸಿ, ಕೊಕ್ಕೆಯಿಂದ ನೆಟ್ಟಗೆ ಎತ್ತಿ. ಓರೆಯಾದರೆ ಬೂದಿಯೆಲ್ಲ ಒಳಗೆ.

10 ಇಂಚಿನ ಪಾತ್ರೆಗೆ ಅರ್ಧ ಕಿಲೋ ಮೈದಾ, 325 ಮಿಲಿ ಉಗುರುಬೆಚ್ಚಗಿನ ನೀರು, 10 ಗ್ರಾಂ ಉಪ್ಪು, 5 ಗ್ರಾಂ ಒಣ ಯೀಸ್ಟ್ ಸಾಕು. ಚೆನ್ನಾಗಿ ನಾದಿ, ಎರಡರಷ್ಟು ಉಬ್ಬಿದ ಮೇಲೆ ಉಂಡೆ ಕಟ್ಟಿ, ಎಣ್ಣೆ ಸವರಿದ ಪಾತ್ರೆಯಲ್ಲಿ ಇನ್ನರ್ಧ ಗಂಟೆ ಬಿಡಿ. ಬ್ರೆಡ್ಡಿಗೆ ಹೆಚ್ಚು ಕಾವು ಬೇಕು, ಅದೂ ಮೇಲಿನಿಂದ: ಮುಚ್ಚಳಕ್ಕೆ 17, ಕೆಳಗೆ 7. ಸುಮಾರು 40 ನಿಮಿಷಕ್ಕೆ, ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಕೊನೆಯ ಹತ್ತು ನಿಮಿಷ ಕೆಳಗಿನ ಕೆಂಡ ತೆಗೆದರೂ ನಡೆಯುತ್ತದೆ. ಬೀಡು ಅಷ್ಟು ಹೊತ್ತು ಕಾವು ಹಿಡಿದಿರುತ್ತದೆ.

ಪಾತ್ರೆ ಪಳಗಿಸುವುದನ್ನು ದಾವಣಗೆರೆಯ ಬೆಣ್ಣೆದೋಸೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೊಸಬರು ಮಾಡುವ ತಪ್ಪು ಎಣ್ಣೆ ಸುರಿಯುವುದು. ಬಟ್ಟೆಯಲ್ಲಿ ಸವರಿ, ಏನೂ ಉಳಿದಿಲ್ಲವೆನ್ನುವಷ್ಟು ಒರೆಸಿ ಕಾಯಿಸಬೇಕು, ಮೂರ್ನಾಲ್ಕು ಸಲ. ದಪ್ಪಗೆ ಹಚ್ಚಿದರೆ ಅಂಟಂಟಾಗಿ ಕೂರುತ್ತದೆ. ಹುಣಸೆಹಣ್ಣಿನ ಸಾರು, ಟೊಮೆಟೊ ಗೊಜ್ಜು ಅದರಲ್ಲಿ ಹೊತ್ತುಗಟ್ಟಲೆ ಕುದಿಸಿದರೆ ಎಣ್ಣೆ ಕಾದು ಕೂತ ಆ ಪದರ ಹೋಗುತ್ತದೆ. ಕಾದ ಪಾತ್ರೆಗೆ ತಣ್ಣೀರು ಹೊಯ್ದರೆ ಬೀಡು ಸೀಳುತ್ತದೆ; ಬೆಸುಗೆ ಹಾಕಿ ಸರಿಮಾಡುವ ಮಾತು ದೂರ.

ಕಾಲಿಲ್ಲದ ಬೀಡಿನ ಪಾತ್ರೆಯನ್ನು ಮೂರು ಕಲ್ಲಿನ ಮೇಲೆ ಕೂರಿಸಿದರೂ ಆಯಿತು. ಆದರೆ ಕೆರೆ, ಹಳ್ಳದ ಕಲ್ಲು ಬೇಡ. ಒಳಗೆ ನೀರು ಹಿಡಿದಿದ್ದರೆ ಕಾದಾಗ ಸಿಡಿಯುತ್ತದೆ. ತೆಳು ಅಲ್ಯೂಮಿನಿಯಂ ಪಾತ್ರೆ ಕೆಂಡಕ್ಕೆ ತೂತಾದೀತು. ಕುಕ್ಕರಿನ ಮುಚ್ಚಳದ ಮೇಲೆ ಕೆಂಡ ಹಾಕುವ ಯೋಚನೆಯಂತೂ ಬೇಡವೇ ಬೇಡ.

ಇನ್ನು ಜಾಗ. ಚಿತ್ರಕ್ಕೆ ಚೆಂದವೆಂದು ಜೋಗಿಮಟ್ಟಿ ಕಾಡಿನಲ್ಲೋ ಕೋಟೆಯ ಬಂಡೆಯ ಮೇಲೋ ಒಲೆ ಹೂಡುವಂತಿಲ್ಲ. ಸ್ವಂತ ಹೊಲವೋ ತೋಟವೋ ಆದರೆ ಸರಿ; ಸುತ್ತ ಒಣಹುಲ್ಲು ಕೆತ್ತಿ, ಒಂದು ಕೊಡ ನೀರು ಪಕ್ಕಕ್ಕಿಟ್ಟುಕೊಳ್ಳಿ. ಮುಗಿದ ಮೇಲೆ ಪಾತ್ರೆ ದೂರವಿಟ್ಟು ಕೆಂಡಕ್ಕೆ ನೀರು ಹೊಯ್ದು, ಕೆದಕಿ, ಮತ್ತೆ ಹೊಯ್ಯಿರಿ. ಬೂದಿಯ ಅಡಿಯ ಕೆಂಡ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ.

– ಓದುಗರೊಬ್ಬರು, ಚಿತ್ರದುರ್ಗ